ಉಲ್ಟಾ ತಿರುಗುವ ಇಂಜಿನ್

“ಎಡಗಾಲು! ಎಡಗಾಲು ಅಂದೆ ರೀ!” ಎಂದು ಸೊಸೆ ಕೂಗುವುದಕ್ಕೂ ಅತ್ತೆ ಬಾಗಿಲಲ್ಲಿ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಊಟದ ಮೇಜಿನ ಕೆಳಗೆ ಎರಡು ಮರದ ಹಲಗೆ, ಅವುಗಳ ಮೇಲೆ ಗಂಡನ ಎರಡು ಪಾದ. ಹೆಂಡತಿಯ ಕೈಯಲ್ಲಿ ಸೌಟು. ಅವಳು ಸೌಟನ್ನು ಮುಂದಕ್ಕೆ ತಳ್ಳಿದರೆ ವಿಮಾನದ ಇಂಜಿನ್ನಿಗೆ ಪೂರ್ತಿ ಶಕ್ತಿ ಕೊಟ್ಟ ಲೆಕ್ಕ. ತಕ್ಷಣ ಅವನು ಎಡಗಾಲಿನ ಹಲಗೆ ಒತ್ತಬೇಕು. ಅವನು ಒತ್ತಿದ್ದು ಮತ್ತೆ ಬಲಗಾಲನ್ನೇ! ಐದು ವರ್ಷದ ಮಗಳು “ಅಪ್ಪ ಔಟ್!” ಎಂದು ಚಪ್ಪಾಳೆ ತಟ್ಟಿದಳು. ಅವನೂ ನಕ್ಕ, ಹೆಂಡತಿಯೂ ನಕ್ಕಳು. ಮೂವರು ಒಟ್ಟಿಗೆ ನಗುವುದನ್ನು ಕಂಡರೆ ಅತ್ತೆಗೆ ಮೈಯೆಲ್ಲ ಉರಿ.

“ಏನಿದು ದೊಂಬರಾಟ?”

“ಅಭ್ಯಾಸ ಮಾಡಿಸ್ತಿದೀನಿ ಅತ್ತೆ. ಹೊಸ ಇಂಜಿನ್ ಉಲ್ಟಾ ತಿರುಗುತ್ತಲ್ಲ, ಇವರಿಗೆ ಕಾಲು ಇನ್ನೂ…”

“ಯಾರಿಗೆ ಅಭ್ಯಾಸ? ನನ್ನ ಮಗನಿಗಾ? ಅಂಬೆಗಾಲಿಡೋವಾಗ್ಲೇ ವಿಮಾನದ ಕೆಳಗೆ ಆಡಿದವನಿಗೆ, ಮೇಸ್ತ್ರಿ ಮಗಳು ಸೌಟು ಹಿಡ್ಕೊಂಡು ಹಾರೋದು ಹೇಳಿಕೊಡ್ತಾಳಾ!” ಅತ್ತೆ ಬಗ್ಗಿ ಹಲಗೆಗಳನ್ನು ಎಳೆದುಕೊಂಡಳು. ಗಂಡ ಪಾದಗಳನ್ನು ಸುಮ್ಮನೆ ಎತ್ತಿಕೊಟ್ಟ, ಕಸ ಗುಡಿಸುವವರಿಗೆ ಎತ್ತಿಕೊಡುವಂತೆ. ಎರಡೂ ಹಲಗೆ ಒಲೆಗೆ ಹೋದವು. “ಇನ್ನೊಂದ್ಸಲ ಈ ಮನೇಲಿ ಎಡಗಾಲು ಅನ್ನೋ ಮಾತು ಕೇಳಿಸ್ಬಾರ್ದು,” ಎಂದಳು ಅತ್ತೆ. ಆಮೇಲೆ ಕೇಳಿಸಲೂ ಇಲ್ಲ. ಮೂವತ್ತೈದು ದಾಟಿದ ಗಂಡಸು, ತಟ್ಟೆ ಎಳೆದುಕೊಂಡು ಊಟ ಶುರುಮಾಡಿದ!

ಆ ಮನೆಯವರ ಕೆಲಸವೇ ಅಂಥದ್ದು. ಹಳೆಯ ಯುದ್ಧವಿಮಾನಗಳನ್ನು ಎಲ್ಲೆಲ್ಲಿಂದಲೋ ಹೊತ್ತು ತಂದು, ಊರಾಚೆಯ ದೊಡ್ಡ ಶೆಡ್ಡಿನಲ್ಲಿ ಬಿಚ್ಚಿ, ತುಕ್ಕು ಕೆರೆದು, ಜೋಡಿಸಿ, ಮತ್ತೆ ಹಾರಿಸುವುದು. ಮಾವ ಕಟ್ಟಿದ ಶೆಡ್ಡು. ಅವರು ತೀರಿಕೊಂಡ ಮೇಲೆ ಅತ್ತೆಯೇ ಯಜಮಾನಿ. ರೆಕ್ಕೆಯನ್ನು ಹೊಸದಾಗಿ ಬಡಿಯಬಹುದು, ಚಕ್ರ ಮಾಡಿಸಬಹುದು. ಇಂಜಿನ್ ಮಾತ್ರ ಸಿಗುವುದಿಲ್ಲ. ಅವನ್ನು ಮಾಡುತ್ತಿದ್ದ ಕಾರ್ಖಾನೆಗಳು ಮುಚ್ಚಿ ಯಾವ ಕಾಲವಾಯಿತೋ! ಹಾಗಾಗಿ ಬದಲಿ ಇಂಜಿನ್ ಹುಡುಕಬೇಕು. ಈ ಸಲದ ಒಂಟಿ ಸೀಟಿನ ವಿಮಾನಕ್ಕೆ, ಗುಜರಿಗೆ ಬಿದ್ದಿದ್ದ ಸರಕು ವಿಮಾನವೊಂದರ ಇಂಜಿನ್ ತಂದು ಕೂರಿಸಿದ್ದು ಸೊಸೆಯ ಅಪ್ಪ. ಎಲ್ಲರ ಬಾಯಲ್ಲಿ ಅವನು ಇಂಜಿನ್ ಮೇಸ್ತ್ರಿ.

ಮೇಸ್ತ್ರಿಗೆ ಕೈ ಎಷ್ಟು ಚುರುಕೋ ಬಾಯಿ ಅದಕ್ಕಿಂತ ಚುರುಕು. “ನಾನು ಮುಟ್ಟಿದ ಇಂಜಿನ್ ನನಗಿಂತ ಮುಂಚೆ ಸಾಯಲ್ಲ!” ಎಂದು ಮಗಳ ಮದುವೆಯಲ್ಲೂ ಬೀಗರ ಮುಂದೆ ಕೊಚ್ಚಿಕೊಂಡು, ಊಟ ಆರಿ ತಣ್ಣಗಾಗುವವರೆಗೆ ಯಾರನ್ನೂ ಏಳಲು ಬಿಟ್ಟಿರಲಿಲ್ಲ. ಅಂದಿನಿಂದಲೂ ಅತ್ತೆಗೆ ಅವನ ಹೆಸರೆತ್ತಿದರೆ ಆಗದು. ಆದರೆ ಅವನ ಕೆಲಸ ಬೇಕು. ಅದಿಲ್ಲದೆ ಶೆಡ್ಡಿನಿಂದ ಒಂದು ವಿಮಾನವೂ ಮೇಲೇಳುವುದಿಲ್ಲ.

ಹೊಸ ಇಂಜಿನ್ನಿನ ತೂಕ ಹೊಂದಿತು, ಶಕ್ತಿಯೂ ಸಾಕಷ್ಟಿತ್ತು. ಒಂದೇ ತೊಡಕು. ಹಳೆಯದು ಬಲಕ್ಕೆ ತಿರುಗುತ್ತಿತ್ತು, ಇದು ಎಡಕ್ಕೆ. ಹಳೆಯದರಲ್ಲಿ ರನ್‌ವೇ ಮೇಲೆ ಜೋರಾಗಿ ಓಡುವಾಗ ವಿಮಾನದ ಮೂತಿ ಎಡಕ್ಕೆ ಎಳೆಯುತ್ತಿತ್ತು. ಪೈಲಟ್ ಬಲಗಾಲು ಒತ್ತಿ ನೇರಕ್ಕೆ ತರುತ್ತಿದ್ದ. ಇದರಲ್ಲಿ ಮೂತಿ ಬಲಕ್ಕೆ ಎಳೆಯುತ್ತದೆ, ಎಡಗಾಲು ಒತ್ತಬೇಕು. ಹೇಳಲು ಇಷ್ಟೇ. ಆದರೆ ಅದೇ ಜಾತಿಯ ವಿಮಾನವನ್ನು ಹಳೆಯ ಇಂಜಿನ್ನಿನಲ್ಲಿ ವರ್ಷಗಟ್ಟಲೆ ಹಾರಿಸಿದವನ ಕಾಲು ತಲೆಯನ್ನು ಕೇಳಿ ಒತ್ತುವುದಿಲ್ಲ, ತಾನೇ ಒತ್ತಿಬಿಡುತ್ತದೆ. ಮೇಸ್ತ್ರಿ ಇದನ್ನು ಅಳಿಯನಿಗೆ ಹತ್ತು ಸಲ ಹೇಳಿದ. ಮಗಳಿಗೂ ಹೇಳಿ, ಹಲಗೆ ಮಾಡಿಕೊಟ್ಟ. ಆ ಹಲಗೆಗಳ ಗತಿ ಏನಾಯಿತೆಂದು ಅವಳು ಅಪ್ಪನಿಗೆ ಹೇಳಲಿಲ್ಲ. ತವರಿಗೆ ಚಾಡಿ ಹೇಳಿದಳು ಅನ್ನಿಸಿಕೊಳ್ಳುವುದು ಬೇಡ ಎಂದುಕೊಂಡಳು, ಪಾಪ!

ಮೊದಲ ಹಾರಾಟದ ದಿನ ಬೇಲಿಯುದ್ದಕ್ಕೂ ಜನ. ಅತ್ತೆ ಮುಂದಿನ ಸಾಲಿನ ಕುರ್ಚಿಯಲ್ಲಿ, ಮಗು ಅವಳ ತೊಡೆಯ ಮೇಲೆ. ಗಂಡ ವಿಮಾನದ ಒಂಟಿ ಸೀಟಿನಲ್ಲಿ. ಇಂಜಿನ್ ಮೊದಲ ಸಲಕ್ಕೇ ಹೊತ್ತಿಕೊಂಡು ಗುಡುಗಿತು. ಮೇಸ್ತ್ರಿ ಅಕ್ಕಪಕ್ಕದವರ ಭುಜ ತಟ್ಟಿ ತಟ್ಟಿ “ಕೇಳಿ, ಕೇಳಿ! ಒಂದು ಸಲ ಕೆಮ್ಮಿತಾ?” ಎನ್ನುತ್ತಿದ್ದ. ವಿಮಾನ ಓಡಿತು. ಮೂತಿ ತುಸು ಬಲಕ್ಕೆ ವಾಲಿತು… ಬೇಲಿ ಹಿಡಿದು ನಿಂತಿದ್ದ ಹೆಂಡತಿ “ಎಡಗಾಲು!” ಎಂದು ಚೀರಿದಳು. ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು? ವಾಲಿದ ಮೂತಿ ಇನ್ನಷ್ಟು ವಾಲಿ, ವಿಮಾನ ಬಲಕ್ಕೆ ಗಿರ್ರನೆ ತಿರುಗಿ, ರನ್‌ವೇ ಬಿಟ್ಟು ಹಳ್ಳಕ್ಕೆ ನುಗ್ಗಿತು. ಮಣ್ಣಿಗೆ ಮೂತಿ ಹೂತುಹೋಗುವವರೆಗೂ ಇಂಜಿನ್ ಒಂದೇ ಸಮನೆ ಗುಡುಗುತ್ತಲೇ ಇತ್ತು.

ಗಂಡನ ಪ್ರಾಣ ಉಳಿಯಿತು. ಪಕ್ಕೆಲುಬು ಮುರಿದಿತ್ತು, ಭುಜ ಮುರಿದಿತ್ತು. ಆಸ್ಪತ್ರೆಯ ಹಾಸಿಗೆಯಲ್ಲಿ ಕಣ್ಣು ಬಿಟ್ಟವನು ಹೆಂಡತಿಯ ಕೈ ಹಿಡಿದು ಮೊದಲು ಹೇಳಿದ ಮಾತು: “ಬಲಗಾಲು ತಾನಾಗೇ ಹೋಗ್ಬಿಡ್ತು ಕಣೇ… ಇಂಜಿನ್ ಚೆನ್ನಾಗೇ ಇತ್ತು. ನಿಮ್ಮಪ್ಪಂಗೆ ಹೇಳು.” ಅವಳು ಅವನ ಹಣೆ ಸವರುತ್ತ ಬಿಕ್ಕಿದಳು. ಬಾಗಿಲ ಬಳಿ ಅತ್ತೆ ನಿಂತಿದ್ದಳು.

ಅತ್ತೆ ಅವಳನ್ನು ಕಾರಿಡಾರಿಗೆ ಕರೆದಳು. ದನಿ ಏರಿಸಲಿಲ್ಲ. ಅವಳು ದನಿ ಏರಿಸದಿದ್ದಾಗಲೇ ಹೆಚ್ಚು ಹೆದರಬೇಕು.

“ನಾಳೆ ತನಿಖೆಯವರು ಬರ್ತಾರೆ. ಪೈಲಟ್ ತಪ್ಪು ಅಂತ ಆದ್ರೆ ಲೈಸೆನ್ಸ್ ಹೋಯ್ತು. ನನ್ನ ಮಗ ಇನ್ನು ಜನ್ಮದಲ್ಲಿ ಹಾರಲ್ಲ. ಇಂಜಿನ್ ತಪ್ಪು ಅಂತ ಹೇಳು.”

“ಅದು ಸುಳ್ಳಲ್ವಾ ಅತ್ತೆ? ಅಪ್ಪಂಗೆ ಇರೋದೇ ಅದೊಂದು ಹೆಸರು…”

“ನಿನ್ನಪ್ಪನ ಹೆಸರು ಬೇಕಾ, ನಿನ್ನ ಮಗಳು ಬೇಕಾ? ಮಗೂನ ಆಗ್ಲೇ ನನ್ನ ಕಡೆಯವರೊಬ್ಬರ ಮನೇಲಿ ಬಿಟ್ಟಾಗಿದೆ. ಎಲ್ಲಿ ಅಂತ ಹುಡುಕ್ಕೊಂಡು ಹೋಗು ನೋಡೋಣ. ನನ್ನ ಮಗನ ರೆಕ್ಕೆ ಮುರಿದವಳಿಗೆ ಆ ಮನೇಲಿ ಜಾಗ ಇಲ್ಲ, ಮಗೂನೂ ಇಲ್ಲ.”

“ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ… ಹಲಗೆ ಸುಟ್ಟಿದ್ದು ಯಾರು ಅಂತ ನಾನು ಯಾರಿಗೂ ಹೇಳಲ್ಲ. ಮಗೂನ ಕೊಡಿ!”

“ಹಲಗೆ? ಯಾವ ಹಲಗೆ?” ಎಂದಳು ಅತ್ತೆ.

ಅವರ ಬೆನ್ನ ಹಿಂದೆ, ಚಹಾದ ಫ್ಲಾಸ್ಕು ಹಿಡಿದು ಇಂಜಿನ್ ಮೇಸ್ತ್ರಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ! ಫ್ಲಾಸ್ಕನ್ನು ಬೆಂಚಿನ ಮೇಲಿಟ್ಟು ಹೊರಟುಹೋದ.

ಮರುದಿನ ತನಿಖಾಧಿಕಾರಿ ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತ. ಗೋಡೆಗೊರಗಿ ಸೊಸೆ, ತಲೆದಿಂಬಿನ ಬಳಿ ಅತ್ತೆ. “ಏನಾಯ್ತು ಹೇಳಿ,” ಎಂದು ಅವನು ಕೇಳಿದ್ದೇ ತಡ, ಬಾಗಿಲಲ್ಲಿದ್ದ ಮೇಸ್ತ್ರಿ ಒಳಗೆ ಬಂದ.

“ಅವರನ್ನೇನು ಕೇಳ್ತೀರಿ ಸ್ವಾಮಿ, ನನ್ನನ್ನ ಕೇಳಿ. ಇಂಜಿನ್ ಕೂರಿಸಿದ್ದು ನಾನು.”

“ಇಂಜಿನ್ ಚೆನ್ನಾಗೇ ಓಡ್ತಿತ್ತು ಅಂತಾರಲ್ಲ ಎಲ್ರೂ?”

“ಅತಿಯಾಗಿ ಓಡ್ತು. ಅದೇ ತೊಂದರೆ. ಶಕ್ತಿ ಹೆಚ್ಚುಕಮ್ಮಿ ಮಾಡೋ ಸರಳು ಇರುತ್ತಲ್ಲ, ಅದನ್ನ ನಾನು ಸರಿಯಾಗಿ ಬಿಗಿದಿರ್ಲಿಲ್ಲ. ಸಿಕ್ಕಿಹಾಕ್ಕೊಂಡು ಒಂದೇ ಸಲ ಎಳೆದುಬಿಡ್ತು. ಯಾರ ಕಾಲಿದ್ರೂ ತಡೆಯೋಕಾಗ್ತಿರ್ಲಿಲ್ಲ.”

ಆ ಸರಳು ಹಳ್ಳದಲ್ಲಿ ನಜ್ಜುಗುಜ್ಜಾಗಿತ್ತು. ಇನ್ನು ಯಾರೂ ಅದನ್ನು ಪರೀಕ್ಷಿಸುವಂತಿರಲಿಲ್ಲ. ಅದು ಮೇಸ್ತ್ರಿಗೆ ಚೆನ್ನಾಗಿ ಗೊತ್ತಿತ್ತು.

“ಅಪ್ಪಾ…!” ಎಂದಳು ಮಗಳು.

“ನೀನು ಸುಮ್ನಿರು. ನಿನಗೇನು ಗೊತ್ತು ಇಂಜಿನ್ ವಿಷ್ಯ?” ಎಂದು ಅವಳ ಕಡೆ ನೋಡದೆಯೇ ಗದರಿದ. ಅಧಿಕಾರಿ ಹಾಸಿಗೆಯಲ್ಲಿದ್ದವನ ಕಡೆ ತಿರುಗಿ “ನೀವೂ ಹಾಗೇ ಹೇಳ್ತೀರಾ?” ಎಂದ. ಹೆಂಡತಿ ಗಂಡನ ಮುಖವನ್ನೇ ನೋಡಿದಳು. ಒಂದು ಮಾತು… ಒಂದೇ ಒಂದು ಮಾತು ಆಡಲಿ ಎಂದು ಅವಳ ಜೀವವೆಲ್ಲ ಕಣ್ಣಿಗೆ ಬಂದು ಕೂತಿತ್ತು. ಅವನು ಅಮ್ಮನನ್ನು ನೋಡಿದ. “ಹೌದು,” ಎಂದು ಗೋಡೆಯ ಕಡೆ ಹೊರಳಿಕೊಂಡ. ಮುರಿದ ಭುಜದ ಮೇಲೆ ಹೊರಳಿದರೆ ಎಷ್ಟು ನೋಯಬೇಕು! ಆದರೂ ಹೊರಳಿದ.

“ನೋಡಿದ್ರಾ?” ಎಂದಳು ಅತ್ತೆ ಅಧಿಕಾರಿಗೆ. “ಬೀಗರು ಅಂತ ನಂಬಿದ್ದಕ್ಕೆ ನನ್ನ ಮಗನ್ನ ಕೊಲ್ತಿದ್ರು.”

ಅಂದು ಸಂಜೆ ಮಗು ಮನೆಗೆ ಬಂತು. ಮೇಸ್ತ್ರಿಗೆ ವಿಮಾನದ ಇಂಜಿನ್ ಮುಟ್ಟುವ ಹಕ್ಕು ಹೋಯಿತು. ಸುದ್ದಿ ಶೆಡ್ಡಿಂದ ಶೆಡ್ಡಿಗೆ ಹಬ್ಬಿತು. ಅವನ ಕಥೆ ಕೇಳಲು ಮುತ್ತಿಕೊಳ್ಳುತ್ತಿದ್ದವರು ದಾರಿಯಲ್ಲಿ ಕಂಡರೆ ಪಕ್ಕಕ್ಕೆ ಸರಿದರು. ಮುಂದಿನ ವರ್ಷ ಅತ್ತೆಯ ಮಗ ಬೇರೆ ವಿಮಾನದಲ್ಲಿ ಹಾರಿದ. ಜನ ಚಪ್ಪಾಳೆ ತಟ್ಟಿದರು. ಹೆಂಡತಿ ಬೇಲಿಯ ಹತ್ತಿರ ಹೋಗಲಿಲ್ಲ. ಮನೆಯಲ್ಲಿ ಅವನಿಗೆ ಊಟ ಬಡಿಸುತ್ತಾಳೆ, ಬಟ್ಟೆ ಮಡಿಸುತ್ತಾಳೆ. ಆದರೆ ಆಸ್ಪತ್ರೆಯ ಆ ದಿನದಿಂದ ಅವನನ್ನು ‘ರೀ’ ಎಂದು ಕರೆದಿಲ್ಲ.

ಒಂದು ಮಧ್ಯಾಹ್ನ ಅತ್ತೆ ಶೆಡ್ಡಿನ ಮೂಲೆಯಲ್ಲಿದ್ದ ಸ್ಪ್ಯಾನರ್ ಪೆಟ್ಟಿಗೆಯನ್ನು ಕಾಲಿನಿಂದ ನೂಕಿ, “ನಿಮ್ಮಪ್ಪನ ಕಸ. ತಗೊಂಡು ಹೋಗಿ ಕೊಟ್ಟು ಬಾ,” ಎಂದಳು. ತನಿಖೆಯ ನಂತರ ಅಪ್ಪನನ್ನು ನೋಡಲು ಸಿಕ್ಕಿದ ಮೊದಲ ಅಪ್ಪಣೆ ಅದು. ಮಗುವನ್ನೂ ಕರೆದುಕೊಂಡು ಹೋದಳು. ಮೇಸ್ತ್ರಿ ಬೀದಿ ಕಡೆಯ ಸಣ್ಣ ಅಂಗಡಿಯಲ್ಲಿ ಯಾರದೋ ಮನೆಯ ನೀರಿನ ಪಂಪು ಬಿಚ್ಚಿಕೊಂಡು ಕೂತಿದ್ದ. ಮೊಮ್ಮಗಳನ್ನು ಕಂಡದ್ದೇ ಎದ್ದ. ಗ್ರೀಸ್ ಮೆತ್ತಿದ ಕೈಯನ್ನು ಅಂಗಿಗೇ ಒರೆಸಿಕೊಂಡು ಚಾಚಿದ.

ಮಗು ಅಮ್ಮನ ಹಿಂದೆ ಸರಿಯಿತು. “ತಾತಾ, ಅಪ್ಪನ ವಿಮಾನ ಬೀಳಿಸಿದ್ದು ನೀನೇ ಅಂತೆ? ಅಜ್ಜಿ ಹೇಳಿದ್ಲು.”

ಚಾಚಿದ ಕೈ ಹಾಗೇ ನಿಂತಿತು. “ಹೌದು ಪುಟ್ಟಿ,” ಎಂದ ಮೇಸ್ತ್ರಿ. “ನಾನೇ.”

“ಸುಳ್ಳು! ನೀನು ಕೊಚ್ಚಿಕೊಳ್ತೀಯ, ಅಜ್ಜಿ ಅದೂ ಹೇಳಿದಾಳೆ.” ಮಗು ತಲೆಯೆತ್ತಿ ಅಮ್ಮನ ಸೆರಗು ಜಗ್ಗಿತು. “ಅಮ್ಮಾ, ನೀನು ಹೇಳು. ತಾತನೇನಾ?”

ನಿಜ ಹೇಳಲೆಂದು ಅವಳು ಬಾಯಿ ತೆರೆದಳು. ಆದರೆ ಮಗು ಇಲ್ಲಿ ಕೇಳಿದ್ದನ್ನು ಮನೆಯ ಬಾಗಿಲಲ್ಲೇ ಅಜ್ಜಿಗೆ ಒಪ್ಪಿಸುತ್ತದೆ. ಆಮೇಲೆ ಮಗು ಎಲ್ಲಿರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು, ಹೌದು ಅಂದುಬಿಡು ಎಂಬಂತೆ ಅವನು ಮೆಲ್ಲಗೆ ತಲೆಯಾಡಿಸಿದ.

“ಹೌದು ಕಂದ,” ಎಂದಳು ಅವಳು. “ತಾತನೇ.”