ಬಾಕಿ ಕಟ್ಟುತ್ತಿದ್ದ ಕಳ್ಳ

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಠಾಣೆಗೆ ಬಂದ ಫೋಟೋಗ್ರಾಫರ್ ಕುರ್ಚಿಯ ತುದಿಯಲ್ಲಿ ಕುಳಿತು ಒಂದೇ ಸಮನೆ ಕಾಲು ಅಲ್ಲಾಡಿಸುತ್ತಿದ್ದ. ಆ ಅಲುಗಾಟಕ್ಕೆ ಇನ್‌ಸ್ಪೆಕ್ಟರ್ ಮೇಜಿನ ಮೇಲಿದ್ದ ಪೆನ್ನು ಉರುಳಿ ಕೆಳಗೆ ಬಿತ್ತು. ಅವರು ಎತ್ತಿಟ್ಟರು. ಮತ್ತೆ ಬಿತ್ತು. ಎರಡನೇ ಸಲ ಅದನ್ನು ಜೇಬಿಗೆ ಸಿಕ್ಕಿಸಿಕೊಂಡು ಕೇಳಿದರು:

"ಏನೇನು ಹೋಗಿದೆ?"

"ಮೊದಲು ವಾಚು ಹೋಯ್ತು ಮೇಡಂ. ಎಲ್ಲೋ ಇಟ್ಟು ಮರೆತಿದ್ದೀನಿ ಅಂದ್ಕೊಂಡೆ. ಆಮೇಲೆ ಒಂದು ಲೆನ್ಸು. ಕಳೆದ ವಾರ ಕ್ಯಾಮೆರಾನೇ ಇಲ್ಲ. ನನ್ನ ಅನ್ನಕ್ಕೇ ಕಲ್ಲು ಬಿದ್ದ ಹಾಗಾಗಿದೆ."

"ಬೀಗ ಒಡೆದಿದ್ರಾ?"

"ಇಲ್ಲ."

"ಕೀಲಿ ಯಾರ್ಯಾರ ಹತ್ರ ಇದೆ?"

"ನನ್ನ ಹತ್ರ ಒಂದು. ಡೈವೋರ್ಸ್ ಆದ ಹೆಂಡತಿ ಹತ್ರ ಒಂದಿತ್ತು, ವಾಪಸ್ ಕೊಟ್ಟಿಲ್ಲ."

"ಇನ್ಯಾರ ಹತ್ರಾನೂ ಇಲ್ವಾ?"

"ಅಮ್ಮನ ಹತ್ರ ಇದೆ. ಅವರು ಅಕ್ಕನ ಮನೇಲಿರ್ತಾರೆ, ಆಗಾಗ ಬಂದು ಅಡುಗೆ ಮಾಡಿಟ್ಟು ಹೋಗ್ತಾರೆ. ಅವರನ್ನ ಲೆಕ್ಕಕ್ಕೆ ತಗೋಬೇಡಿ."

"ಅನುಮಾನ ಯಾರ ಮೇಲೆ?"

"ಇನ್ಯಾರ ಮೇಲೆ? ಅವಳ ಮೇಲೇ. ಕ್ರೆಡಿಟ್ ಕಾರ್ಡಿನ ಸಾಲ ಕಟ್ಟಬೇಕು ಅಂತ ಹೊಟ್ಟೆ ಉರಿ ಅವಳಿಗೆ."

"ಯಾರು ಮಾಡಿದ ಸಾಲ?"

ಕಾಲು ನಿಂತಿತು. "ಡೈವೋರ್ಸ್ ಒಪ್ಪಂದದಲ್ಲಿ ಅವಳೇ ಕಟ್ಟಬೇಕು ಅಂತ ಇದೆ ಮೇಡಂ. ಸಹಿ ಮಾಡಿದ್ದಾಳೆ."

ಕೇಳಿದ್ದೊಂದು, ಬಂದ ಉತ್ತರ ಇನ್ನೊಂದು. ಇನ್‌ಸ್ಪೆಕ್ಟರ್ ಅದನ್ನು ಮನಸ್ಸಿನಲ್ಲಿಟ್ಟುಕೊಂಡು, ದೂರು ಬರೆಸಿಕೊಂಡು ಎಫ್‌ಐಆರ್ ಮಾಡಿಸಿದರು.

ಮಧ್ಯಾಹ್ನ ಪಂಚನಾಮೆಗೆ ಅವನ ಮನೆಗೆ ಹೋದರು. ಜೊತೆಗೆ ಹೆಡ್ ಕಾನ್‌ಸ್ಟೇಬಲ್. ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲವಾದ್ದರಿಂದ ಠಾಣೆಯಲ್ಲಿ ಅವರಿಗೆ 'ರೇಡಿಯೋ' ಎಂದೇ ಹೆಸರು. ಕೆಳಮನೆಯ ದರ್ಜಿ ಮತ್ತು ಕಟ್ಟಡದ ಕಾವಲುಗಾರ ಪಂಚ ಸಾಕ್ಷಿಗಳಾದರು. ಮೂರನೇ ಮಹಡಿಯಲ್ಲಿ ಎರಡು ಕೋಣೆ. ಒಂದರಲ್ಲಿ ದೀಪದ ಕಂಬಗಳು, ಬಿಳಿ ಪರದೆ, ನೆಲದ ತುಂಬ ವೈರು. ಕಪಾಟಿನ ಮೂರು ಹಲಗೆಗಳ ಮೇಲೆ ಬೆರಳಿಟ್ಟರೆ ಗುರುತು ಮೂಡುವಷ್ಟು ಧೂಳು. ಕ್ಯಾಮೆರಾ ಇದ್ದ ಹಲಗೆ ಮಾತ್ರ ಒರೆಸಿದಂತೆ ಸ್ವಚ್ಛವಾಗಿತ್ತು. ಮೇಜಿನ ಡ್ರಾಯರಿನಲ್ಲಿ ನೋಟಿನ ಕಟ್ಟು ಹಾಗೇ ಇತ್ತು.

"ಕ್ಯಾಮೆರಾ ಕಾಣಲ್ಲ ಅಂತ ಗೊತ್ತಾದ ದಿನ ಮನೆ ಹೇಗಿತ್ತು?" ಇನ್‌ಸ್ಪೆಕ್ಟರ್ ಕೇಳಿದರು.

"ಹೀಗೇ ಇತ್ತು. ಬೆಳಿಗ್ಗೆ ಸಿಂಕಿನಲ್ಲಿ ಪಾತ್ರೆ ಬಿಟ್ಟು ಹೋಗಿದ್ದೆ. ಸಂಜೆ ತೊಳೆದು ಬೋರಲು ಹಾಕಿತ್ತು."

"ಯಾರು ತೊಳೆದರು ಅಂತ ಯೋಚನೆ ಬರಲಿಲ್ವಾ?"

ಅವನು ತಲೆ ಕೆರೆದುಕೊಂಡ. ತೊಳೆದ ಪಾತ್ರೆಯ ಬಗ್ಗೆ ಜನ್ಮದಲ್ಲಿ ಯೋಚಿಸಿದವನಲ್ಲ ಎಂಬುದು ಮುಖದಲ್ಲೇ ಇತ್ತು.

ಮೆಟ್ಟಿಲಿಳಿಯುವಾಗ ರೇಡಿಯೋ ಶುರುಮಾಡಿದರು. "ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಹಲಗೆ ಒರೆಸಿ, ಮುಸುರೆ ತಿಕ್ಕಿ ಹೋದ ಕಳ್ಳನನ್ನ ನೋಡಿರಲಿಲ್ಲ ಮೇಡಂ. ಸಿಕ್ಕಿದರೆ ನಮ್ಮನೆ ವಿಳಾಸ ಕೊಡೋಣ."

ಇನ್‌ಸ್ಪೆಕ್ಟರ್ ನಗಲಿಲ್ಲ. ಒರೆಸಿದ ಹಲಗೆ, ತೊಳೆದಿಟ್ಟ ಪಾತ್ರೆ ತಲೆಯಲ್ಲೇ ಸುತ್ತುತ್ತಿದ್ದವು. ಜೀಪಿನಲ್ಲಿ ಕೂರಲು ಮನಸ್ಸಾಗದೆ ಆ ಬೀದಿಯ ತುದಿಯವರೆಗೂ ನಡೆದೇ ಹೋದರು.

ಮಾಜಿ ಹೆಂಡತಿ ಕೆಲಸ ಮಾಡುತ್ತಿದ್ದದ್ದು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ. ಗಾಜನ್ನು ಚೌಕಟ್ಟಿಗೆ ತಕ್ಕಂತೆ ಸಾಣೆ ಹಿಡಿಯುವ ಯಂತ್ರ ಕಿರ್ರೆನ್ನುತ್ತಿತ್ತು. ಅವಳ ಬೆರಳುಗಳಿಗೆ ಬಿಳಿ ಪುಡಿ ಮೆತ್ತಿತ್ತು. ಪಕ್ಕದಲ್ಲಿಟ್ಟ ಮೊಬೈಲು ಗುಂಯ್‌ಗುಟ್ಟಿದಾಗಲೆಲ್ಲ ಅವಳ ಭುಜ ಸೆಟೆಯುತ್ತಿತ್ತು. ಅವಳು ತೆಗೆಯುತ್ತಿರಲಿಲ್ಲ.

"ಯಾರು?"

"ಬ್ಯಾಂಕಿನ ವಸೂಲಿಯವರು. ಊಟಕ್ಕೆ ಕೂತಾಗ, ಬಸ್ ಹತ್ತಿದಾಗ, ಯಾವಾಗ್ಲೂ. ಹೋದ ತಿಂಗಳು ಅಂಗಡಿಗೇ ಇಬ್ಬರು ಬಂದು ಗಿರಾಕಿಗಳ ಮಧ್ಯೆ ನಿಂತಿದ್ರು. ಇನ್ನೊಂದು ಸಲ ಹೀಗಾದ್ರೆ ಬೇರೆ ಕೆಲಸ ನೋಡ್ಕೋ ಅಂದಿದ್ದಾರೆ ಮಾಲೀಕರು."

"ಸಾಲ ನಿಮ್ಮದಾ?"

"ಕಾರ್ಡು ನನ್ನ ಹೆಸರಲ್ಲಿತ್ತು. ಅದರ ಮೇಲೆ ಅವರಿಗೂ ಒಂದು ಕಾರ್ಡು ಮಾಡಿಸಿದ್ವಿ. ನಾನು ಅದರಲ್ಲಿ ಒಂದು ಜೊತೆ ಚಪ್ಪಲಿ ತಗೊಂಡೆ ಮೇಡಂ. ಉಳಿದದ್ದೆಲ್ಲ ಅವರದು. ವಾಚು, ಕ್ಯಾಮೆರಾ, ಲೆನ್ಸು."

ಕಳುವಾದ ವಸ್ತುಗಳ ಹೆಸರನ್ನು ಇನ್‌ಸ್ಪೆಕ್ಟರ್ ಇನ್ನೂ ಬಾಯಿಬಿಟ್ಟು ಹೇಳಿರಲಿಲ್ಲ. "ಮತ್ತೆ ಎಲ್ಲ ನಾನೇ ಕಟ್ತೀನಿ ಅಂತ ಸಹಿ ಯಾಕೆ ಮಾಡಿದ್ರಿ?"

"ಮಾಡದಿದ್ರೆ ವರ್ಷಗಟ್ಟಲೆ ಕೋರ್ಟಿಗೆ ಅಲೆಸ್ತೀನಿ ಅಂದ್ರು. ನನಗೆ ಆ ಮನೆಯಿಂದ ಹೊರಗೆ ಬಂದ್ರೆ ಸಾಕಾಗಿತ್ತು. ವಕೀಲರ ಆಫೀಸಲ್ಲಿ ಎಲ್ಲರ ಮುಂದೆ ಮಾಡಿದೆ. ಅತ್ತೆಯೂ ಇದ್ರು. ಸಾಕ್ಷಿಗೆ ಅವರದೇ ಸಹಿ."

"ನಿಮ್ಮ ಮಾಜಿ ಗಂಡನ ಮನೇಲಿ ಕಳ್ಳತನ ಆಗಿದೆ. ನೀವು ಹೇಳಿದ್ರಲ್ಲ, ಆ ಮೂರೇ ವಸ್ತು."

ಅವಳು ಯಂತ್ರ ನಿಲ್ಲಿಸಿದಳು. "ನಾನಲ್ಲ" ಎಂದಳು. ಆಮೇಲೆ, ಹೇಳಲೋ ಬೇಡವೋ ಎಂಬಂತೆ ನಿಧಾನವಾಗಿ: "ಒಂದು ವಿಷಯ ಇದೆ. ಯಾರೋ ನನ್ನ ಕಾರ್ಡಿಗೆ ಹಣ ಕಟ್ತಿದ್ದಾರೆ. ಮೂರು ಸಲ. ಅವರಿಗೇ ಬುದ್ಧಿ ಬಂದಿರಬೇಕು ಅಂದ್ಕೊಂಡೆ. ಕೇಳಿದ್ರೆ ಎಲ್ಲಿ ನಿಂತುಹೋಗುತ್ತೋ ಅಂತ ಭಯ. ಸುಮ್ಮನಿದ್ದೆ."

ಹೊರಗೆ ಬಂದ ಕೂಡಲೆ ರೇಡಿಯೋ ಕೈ ಉಜ್ಜಿಕೊಂಡರು. "ಕೇಸು ಮುಗೀತು ಮೇಡಂ. ಕದ್ದು ಮಾರಿ ತನ್ನ ಸಾಲಕ್ಕೆ ಕಟ್ಕೊಂಡಿದ್ದಾಳೆ. ಕೀಲಿಯೂ ಅವಳ ಹತ್ರಾನೇ ಇದೆ."

"ಹಾಗೆ ಮಾಡಿದೋಳು ನಾವು ಕೇಳದೆ ನಮಗ್ಯಾಕೆ ಹೇಳ್ತಾಳೆ?"

"ಬುದ್ಧಿವಂತೆ ಇರಬಹುದು."

"ಬುದ್ಧಿವಂತೆ ಆಗಿದ್ದಿದ್ರೆ ಆ ಒಪ್ಪಂದಕ್ಕೆ ಸಹಿ ಹಾಕ್ತಿದ್ಲಾ?"

ಹಾಗೆಂದು ಅವಳನ್ನು ಬಿಡುವಂತೆಯೂ ಇರಲಿಲ್ಲ. ಮೂರೂ ಸಲ ಹಣ ಬಿದ್ದದ್ದು ಒಂದೊಂದು ವಸ್ತು ಕಾಣೆಯಾದ ಬೆನ್ನಿಗೇ. ಮೇಲಧಿಕಾರಿ ಎರಡು ಸಲ ಫೋನ್ ಮಾಡಿ, "ಹೆಂಗಸನ್ನ ಕರೆಸಿ ವಿಚಾರಿಸೋಕೆ ಇನ್ನೇನು ಮುಹೂರ್ತ ನೋಡ್ಬೇಕಾ?" ಎಂದು ಕೇಳಿದ್ದರು. ಮರುದಿನ ಬೆಳಿಗ್ಗೆ ಬ್ಯಾಂಕಿನ ಬಾಗಿಲು ತೆಗೆಯುವ ಮೊದಲೇ ಇನ್‌ಸ್ಪೆಕ್ಟರ್ ಮೆಟ್ಟಿಲ ಮೇಲೆ ಶತಪಥ ತಿರುಗುತ್ತಿದ್ದರು.

ಹಣ ಕಟ್ಟಿಸಿಕೊಂಡ ಕ್ಯಾಷಿಯರ್‌ಗೆ ಚೆನ್ನಾಗಿ ನೆನಪಿತ್ತು. "ವಯಸ್ಸಾದ ಅಮ್ಮ. ಕಾರ್ಡ್ ನಂಬರನ್ನ ಚೀಟಿಯಲ್ಲಿ ಬರ್ಕೊಂಡು ಬಂದಿದ್ರು. ಒಂದಂಕಿ ತಪ್ಪಾದ್ರೆ ಇನ್ನೊಬ್ಬರ ಪಾಲಾಗುತ್ತೆ ಅಂತ ನನ್ನ ಕೈಲಿ ಎರಡೆರಡು ಸಲ ಓದಿಸಿದ್ರು. ಆಮೇಲೆ ಒಂದು ಮಾತು ಕೇಳಿದ್ರು, ಅದಕ್ಕೇ ಮರೆತಿಲ್ಲ."

"ಏನು?"

"ಕಟ್ಟಿದ್ದು ಯಾರು ಅಂತ ಆ ಹುಡುಗಿಗೆ ಗೊತ್ತಾಗುತ್ತಾ ಅಂತ. ಗೊತ್ತಾಗಲ್ಲ ಅಂದೆ. ಸದ್ಯ, ಅಂದ್ರು."

ಬ್ಯಾಂಕಿನ ಸಿಸಿಟಿವಿಯಲ್ಲಿ ದಾಖಲಾಗಿದ್ದ ದೃಶ್ಯವನ್ನು ಇನ್‌ಸ್ಪೆಕ್ಟರ್ ಮೂರು ಸಲ ನೋಡಿದರು. ಕೈಚೀಲವನ್ನು ಎದೆಗವಚಿಕೊಂಡ ಸಣಕಲು ಹೆಂಗಸು. ಸರದಿಯಲ್ಲಿ ಹಿಂದಿದ್ದವರಿಗೆಲ್ಲ ಜಾಗ ಬಿಟ್ಟು ಕೊನೆಯಲ್ಲಿ ಕೌಂಟರಿಗೆ ಬಂದಿದ್ದರು. ಪಂಚನಾಮೆಯ ದಿನ ಮೊಬೈಲಿನಲ್ಲಿ ಸೆರೆಹಿಡಿದಿದ್ದ ಫೋಟೋಗ್ರಾಫರ್ ಕುಟುಂಬದ ಚಿತ್ರವನ್ನು ರೇಡಿಯೋ ಪಕ್ಕಕ್ಕೆ ಹಿಡಿದರು. ಅದೇ ಮುಖ, ಅವನ ತಾಯಿ.

ಹಳೆಯ ಕ್ಯಾಮೆರಾ ಕೊಳ್ಳುವ ಅಂಗಡಿಗಳು ಆ ಊರಿನಲ್ಲಿ ನಾಲ್ಕೋ ಐದೋ. ಮೂರನೆಯದರಲ್ಲಿ ವಸ್ತು ಸಿಕ್ಕಿತು. ಲೆನ್ಸೂ ಕ್ಯಾಮೆರಾವೂ ಗಾಜಿನ ಕಪಾಟಿನಲ್ಲೇ ಇದ್ದವು. ಪೊಲೀಸರನ್ನು ಕಂಡ ವ್ಯಾಪಾರಿ ಎರಡನ್ನೂ ತಾನೇ ತೆಗೆದು ಮುಂದಿಟ್ಟ.

"ಮಗ ಮಾರೋಕೆ ಹೇಳಿದ್ದಾನೆ ಅಂದ್ರು ಆಯಮ್ಮ. ನಂಬಿದೆ. ಕದ್ದೋರು ಅಷ್ಟು ಚೌಕಾಸಿ ಮಾಡ್ತಾರಾ ಮೇಡಂ? ನನ್ನ ರಕ್ತ ಹೀರಿಬಿಟ್ರು. ಕ್ಯಾಮೆರಾ ತಂದ ದಿನ ಒಳಗಿರೋ ಫೋಟೋ ತೆಗೆದು ಕೊಡು, ಅದು ಅವನ ಕೆಲಸದ್ದು, ಹಾಳಾಗಬಾರ್ದು ಅಂದ್ರು. ಮೆಮೊರಿ ಕಾರ್ಡ್ ತೆಗೆದು ಕೊಟ್ಟೆ."

ಮಹಜರು ಮಾಡಿ ಎರಡನ್ನೂ ವಶಕ್ಕೆ ತೆಗೆದುಕೊಂಡರು. ವಾಚು ಬೇರೆಡೆ ಮಾರಾಟವಾಗಿತ್ತು.

ಮಧ್ಯಾಹ್ನ ಮೂರು ಗಂಟೆಗೆ ಇನ್‌ಸ್ಪೆಕ್ಟರ್ ಒಬ್ಬ ಮಹಿಳಾ ಪೇದೆಯೊಂದಿಗೆ ಫೋಟೋಗ್ರಾಫರ್ ಅಕ್ಕನ ಮನೆಯ ಬಾಗಿಲು ತಟ್ಟಿದರು. ತಾಯಿ ಕಿಟಕಿಯ ಬಳಿ ಹೊಲಿಗೆ ಯಂತ್ರದ ಮುಂದೆ ಕೂತು ಪರದೆಯ ಅಂಚು ಮಡಚುತ್ತಿದ್ದರು. ಸಮವಸ್ತ್ರ ನೋಡಿ ಹೌಹಾರಲಿಲ್ಲ. ದಾರ ಕಡಿದು, ಸೂಜಿಯನ್ನು ಬಟ್ಟೆಯಿಂದ ಬಿಡಿಸಿ, ಯಂತ್ರಕ್ಕೆ ಮುಚ್ಚಳ ಹಾಕಿದರು.

"ಬಂದ್ರಾ? ನಡೀರಿ. ಮಗಳು ಬರೋಷ್ಟರಲ್ಲಿ ಹೊರಟುಬಿಡೋಣ. ಅವಳು ಅಳುಬುರುಕಿ, ಸುಮ್ಮನೆ ರಂಪ ಮಾಡ್ತಾಳೆ."

"ಅಮ್ಮ, ಕೂತ್ಕೊಳ್ಳಿ. ಮೊದಲು ಒಂದೆರಡು ಪ್ರಶ್ನೆ."

ಅವರು ಕೂತರು. ಇನ್‌ಸ್ಪೆಕ್ಟರ್‌ಗೇ ಕೂರಲಾಗಲಿಲ್ಲ. ಕಿಟಕಿಗೂ ಬಾಗಿಲಿಗೂ ಮಧ್ಯೆ ಅಡ್ಡಾಡುತ್ತ ಕೇಳಿದರು:

"ವಸ್ತು ತಗೊಂಡಿದ್ದು ನೀವೇನಾ?"

"ನಾನೇ."

"ಮಗ ಹೇಳಿದ್ರಾ? ಮಾರು ಅಂತ ಯಾವತ್ತಾದ್ರೂ, ಮಾತಿಗಾದ್ರೂ?"

ಮಹಿಳಾ ಪೇದೆ ತಲೆಯೆತ್ತಿ ಇನ್‌ಸ್ಪೆಕ್ಟರ್ ಮುಖ ನೋಡಿದಳು. ತಪ್ಪಿಸಿಕೊಳ್ಳಲು ದಾರಿ ತೋರಿಸುವ ಪ್ರಶ್ನೆ ಅದು. ಮುದುಕಿಗೂ ಅರ್ಥವಾಯಿತು.

"ಹೇಳಿರಲಿಲ್ಲ. ಸುಳ್ಳು ಬರೀಬೇಡಿ ತಾಯಿ. ಅಂಗಡಿಯವನ ಹತ್ರ ಹೇಳಿದ ಸುಳ್ಳೇ ಸಾಕು."

"ಮಗನ ಹತ್ರ ಕೇಳಬಹುದಿತ್ತಲ್ಲ."

"ಕೇಳದೆ ಇರ್ತೀನಾ? ಹೋದಾಗೆಲ್ಲ ಕೇಳಿದೆ. ಅರ್ಧವಾದ್ರೂ ಕಟ್ಟೋ, ತಿಂದೋನು ನೀನು ಅಂದೆ. 'ಸಹಿ ಮಾಡಿದ್ದಾಳಲ್ಲಮ್ಮ' ಅಂತಾನೆ. ಗೋಡೆ ಜೊತೆ ಮಾತಾಡಿದ ಹಾಗೆ. ಒಪ್ಪಂದದ ಪ್ರತಿ ಅವನ ಮನೇಲೇ ಇತ್ತು, ಅದರಿಂದ ನಂಬರ್ ಬರ್ಕೊಂಡೆ. ನನ್ನ ಹತ್ರ ಕಾಸಿದ್ದಿದ್ರೂ ಕೊಡ್ತಿರಲಿಲ್ಲ ನೋಡಿ. ಅವನ ಸಾಲ ಅವನ ಸಾಮಾನಿಂದಲೇ ತೀರಬೇಕು."

ಎದ್ದು ಕೈಚೀಲದಿಂದ ಕಾಗದದಲ್ಲಿ ಸುತ್ತಿದ ಮೆಮೊರಿ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟರು. "ಇದನ್ನ ಅವನಿಗೆ ಕೊಟ್ಟುಬಿಡಿ. ಯಾರದೋ ಕೆಲಸ, ಕಾಯ್ತಿರ್ತಾರೆ."

ದಸ್ತಗಿರಿಯ ಸಮಯ ಮೂರೂವರೆ ಎಂದು ದಾಖಲಾಯಿತು. ಚಪ್ಪಲಿ ಮೆಟ್ಟಿಕೊಂಡು ಅವರೇ ಮುಂದೆ ನಡೆದರು.

ಸುದ್ದಿ ಕೇಳಿದ ಫೋಟೋಗ್ರಾಫರ್ ಮೊದಲು ನಕ್ಕ. ಲಾಕಪ್ಪಿನ ಎದುರಿನ ಬೆಂಚಿನಲ್ಲಿ ಕೂತಿದ್ದ ತಾಯಿಯನ್ನು ಕಂಡ ಮೇಲೆ ನಗು ಇಳಿಯಿತು.

"ಕೇಸು ವಾಪಸ್ ತಗೋತೀನಿ ಮೇಡಂ."

"ಎಫ್‌ಐಆರ್ ಆಗಿದೆ. ಹೇಳೋದಿದ್ರೆ ಕೋರ್ಟಿನಲ್ಲಿ ಹೇಳಿ."

"ಅವರು ನಮ್ಮಮ್ಮ. ನನ್ನ ಸಾಮಾನು, ನಮ್ಮಮ್ಮ ತಗೊಂಡ್ರು. ಇದು ಕಳ್ಳತನ ಹೇಗಾಗುತ್ತೆ?"

"ನಿಮ್ಮ ಹೆಂಡತಿ ತಗೊಂಡಿದ್ರೆ?"

ಅವನು ತಾಯಿಯ ಬಳಿ ಹೋಗಿ ನಿಂತ. ತಾಯಿ ಅವನ ಅಂಗಿಯ ಕಾಲರ್ ಸರಿಮಾಡಿದರು, ಅಷ್ಟೇ. "ಊಟ ಆಯ್ತಾ?" ಎಂದೂ ಕೇಳಲಿಲ್ಲ. ಅದಕ್ಕಿಂತ ದೊಡ್ಡ ಬೈಗುಳ ಅವನು ಆವರೆಗೆ ತಿಂದಿರಲಿಲ್ಲ ಅಂತ ಕಾಣುತ್ತದೆ. ಹೊರಗೆ ಹೋಗಿ ಗೇಟಿನ ಬಳಿ ಕತ್ತಲಾಗುವವರೆಗೂ ಸುತ್ತಿದ.

ಮರುದಿನ ಕೋರ್ಟು ಜಾಮೀನು ಕೊಟ್ಟಿತು. ಜಾಮೀನುದಾರರು ಒಬ್ಬರು ಬೇಕಿತ್ತು. ವರಾಂಡದಲ್ಲಿ ಮಗ ವಕೀಲನೊಂದಿಗೆ ಪಿಸುಗುಟ್ಟುತ್ತ, ದೂರು ಕೊಟ್ಟವನೇ ಜಾಮೀನು ನಿಂತರೆ ಜನ ಏನೆಂದಾರು ಎಂದು ಲೆಕ್ಕ ಹಾಕುತ್ತಿರುವಾಗ, ಕನ್ನಡಕದ ಅಂಗಡಿಯವಳು ಓಡೋಡುತ್ತ ಬಂದಳು. ಕೈ ತೊಳೆದುಕೊಳ್ಳುವಷ್ಟೂ ಪುರುಸೊತ್ತು ಮಾಡಿಕೊಂಡಿರಲಿಲ್ಲ.

"ಅತ್ತೆ, ನಾನು ನಿಲ್ತೀನಿ. ಎಲ್ಲಿ ಸಹಿ ಹಾಕ್ಬೇಕು?"

ಗುಮಾಸ್ತ ಕಾಗದ ಅವಳ ಕಡೆ ತಿರುಗಿಸಿದ. ಮುದುಕಿ ಅದರ ಮೇಲೆ ಅಂಗೈ ಊರಿದರು.

"ಬೇಡ. ನೀನು ಇನ್ನು ಯಾರ ಪಾಲಿನದಕ್ಕೂ ಸಹಿ ಹಾಕಬೇಡ."

"ಅತ್ತೆ—"

"ಬೇಡ ಅಂದೆ."

ಅಂಗೈ ತೆಗೆಯದೆ ಮಗನ ಕಡೆ ನೋಡಿದರು. ಕರೆಯಲಿಲ್ಲ. ವಕೀಲ ಗಂಟಲು ಸರಿಮಾಡಿಕೊಂಡ. ಮಗ ಒಂದು ಹೆಜ್ಜೆ ಹಾಕಿದ, ನಿಂತ, ಆಮೇಲೆ ಬಂದ. ಮುದುಕಿ ಅಂಗೈ ತೆಗೆದರು. ಪೆನ್ನು ತೆಗೆದುಕೊಂಡು, ಗುಮಾಸ್ತ ಬೆರಳು ತೋರಿಸಿದ ಜಾಗಕ್ಕೆ ನೇರವಾಗಿ ಕೈ ಹಾಕುತ್ತಿದ್ದಂತೆ ತಾಯಿ ಹೇಳಿದರು:

"ಓದಿ ಹಾಕು."

ಅವನು ಓದತೊಡಗಿದ.

ಇನ್‌ಸ್ಪೆಕ್ಟರ್ ಮುದುಕಿಯನ್ನು ಬೆಂಚಿನ ಮೇಲೆ ಕೂರಿಸಿ ತಾವೂ ಪಕ್ಕದಲ್ಲಿ ಕೂತರು. ಹೇಳಿಕೆಯಲ್ಲಿ ಎಲ್ಲವೂ ಬಂದಿತ್ತು. ಆದರೂ ಒಂದು ಮಾತು ಕೇಳದೆ ಇರಲಾಗಲಿಲ್ಲ.

"ಆ ಒಪ್ಪಂದಕ್ಕೆ ನೀವು ಸಾಕ್ಷಿ ಮಾತ್ರ ಅಲ್ವಾ ಅಮ್ಮ? ಕಟ್ಟೋ ಹೊಣೆ ನಿಮ್ಮದಲ್ಲ. ಯಾಕೆ ಇಷ್ಟೆಲ್ಲ?"

ಕನ್ನಡಕದ ಅಂಗಡಿಯವಳು ಕಂಬಕ್ಕೊರಗಿ ನಿಂತು ಬೆರಳಿನ ಪುಡಿ ಉಜ್ಜಿಕೊಳ್ಳುತ್ತಿದ್ದಳು. ಅವಳಿಗೆ ಕೇಳದಷ್ಟು ಮೆಲ್ಲಗೆ ಮುದುಕಿ ಹೇಳಿದರು:

"ವಕೀಲರ ಆಫೀಸಲ್ಲಿ ಸಾಲದ ಮಾತು ಬಂದಾಗ ಬರೆದದ್ದನ್ನ ಅವಳು ಎರಡು ಸಲ ಓದಿದಳು ತಾಯಿ. ಓದಿ ಅವನ ಮುಖ ನೋಡಲಿಲ್ಲ, ನನ್ನ ಮುಖ ನೋಡಿದಳು. ಆ ಸಾಮಾನೆಲ್ಲ ಅವನು ತಂದದ್ದು ನನ್ನ ಕಣ್ಣೆದುರಿಗೇ. ಒಂದು ಮಾತು ಆಡ್ತೀನೇನೋ ಅಂತ ನೋಡಿದಳು."

"ನೀವೇನಂದ್ರಿ?"

"ನಾನಾ? ನನ್ನ ಪೆನ್ನಿನ ಮುಚ್ಚಳ ಬಿಗಿಯಾಗಿತ್ತು. ಅದನ್ನ ತೆಗೀತಾ ಇದ್ದೆ."