ಬೆನ್ನ ಮೇಲಿನ ಗೆರೆ

ಅವರ ಇಸ್ತ್ರಿ ಟೇಬಲ್ಲಿಗೆ ಅಳತೆಯ ಕವರ್ ಇರಲಿಲ್ಲ. ಇದ್ದದ್ದು ಅತ್ತಿಗೆ ದಾಟಿಸಿದ ಹಳೆಯದು, ಯಾವುದೋ ದೊಡ್ಡ ಟೇಬಲ್ಲಿನದು. ಇಸ್ತ್ರಿಪೆಟ್ಟಿಗೆ ಎಳೆದ ಕಡೆಗೆಲ್ಲ ಅದೂ ಜರುಗಿ ಮುದುರಿಕೊಳ್ಳುತ್ತಿತ್ತು. ಆ ಮುದುರು ಬಟ್ಟೆಗೂ ಅಚ್ಚಾಗುತ್ತಿತ್ತು. ಹಾಗಾಗಿ ಡ್ರಾಯಿಂಗ್ ಮೇಷ್ಟ್ರ ಪ್ರತಿ ಶರ್ಟಿಗೂ ಎಡ ಹೆಗಲಿನ ಕೆಳಗೆ ಓರೆಯಾಗಿ ಒಂದು ಗೆರೆ.

ಮದುವೆಯಾಗಿ ನಾಲ್ಕು ತಿಂಗಳು. ಹೆಂಡತಿಗೆ ರಕ್ತಪರೀಕ್ಷೆ ಲ್ಯಾಬಿನಲ್ಲಿ ಕೆಲಸ. ಬೆಳಿಗ್ಗೆ ಆರಕ್ಕೇ ಹೊರಡಬೇಕು. ಅವಳು ಹೋದ ಮೇಲೆ ಅವನು ತನ್ನ ಶರ್ಟು, ಮರುದಿನಕ್ಕೆ ಅವಳ ಬಿಳಿ ಕೋಟು, ಎರಡನ್ನೂ ಇಸ್ತ್ರಿ ಮಾಡಿ, ಟೇಬಲ್ ಮಡಚಿ ಬಾಗಿಲ ಹಿಂದೆ ನಿಲ್ಲಿಸುತ್ತಿದ್ದ. ಸಂಜೆ ಅವನು ಚಪ್ಪಲಿ ಬಿಡಲು ಬಗ್ಗಿದಾಗ ಅವಳು ಆ ಗೆರೆಯ ಮೇಲೆ ಒಂದು ಬೆರಳು ಎಳೆಯುತ್ತಿದ್ದಳು. ಅವನು ಕಚಗುಳಿಯಾದಂತೆ ಹೆಗಲು ಕುಣಿಸುತ್ತಿದ್ದ.

ಒಂದು ಸೋಮವಾರ ಬೆರಳಿಗೆ ಗೆರೆ ಸಿಗಲಿಲ್ಲ. ಮಂಗಳವಾರವೂ ಇಲ್ಲ.

ಅವಳ ಅಪ್ಪನಿಗೆ ಇನ್ನೊಂದು ಮನೆ ಇರುವ ಸುಳಿವು ಮೊದಲು ಸಿಕ್ಕಿದ್ದು ಒಂದು ಶರ್ಟಿನಿಂದ. ಅಮ್ಮನ ಕೈಯಲ್ಲಿ ಆಗದಷ್ಟು ಚೆನ್ನಾಗಿ ಅದಕ್ಕೆ ಇಸ್ತ್ರಿಯಾಗಿತ್ತು. ಅಮ್ಮ ಕೇಳಿದಳು, ಅಪ್ಪ ಆಣೆ ಹಾಕಿದ, ಅಮ್ಮ ನಂಬಿದಳು. ಇನ್ನೂ ಒಂಬತ್ತು ವರ್ಷ ನಂಬಿದಳು.

ಬುಧವಾರ ಎದುರು ಮನೆಯಾಕೆ, ಮೇಷ್ಟ್ರು ಕೆಳಗಿನ ಟೈಲರಮ್ಮನ ಅಂಗಡಿಗೆ ಎರಡು ಸಲ ಹೋಗಿ ಬಂದರಲ್ಲ, ಏನು ಹೊಲಿಸುತ್ತಿದ್ದೀರಿ ಎಂದು ಸಕ್ಕರೆಯಂಥ ದನಿಯಲ್ಲಿ ಕೇಳಿದಳು. ಟೈಲರಮ್ಮ ಒಂಟಿ ಹೆಂಗಸು. ಅವಳ ಅಂಗಡಿಯಲ್ಲಿ ಇಸ್ತ್ರಿಪೆಟ್ಟಿಗೆ ಬೆಳಗಿನಿಂದ ಸಂಜೆವರೆಗೆ ಬಿಸಿಯಾಗೇ ಇರುತ್ತದೆ.

ಅವಳು ಗಂಡನನ್ನು ಕೇಳಲಿಲ್ಲ. ಮಾತು ನಿಲ್ಲಿಸಿದಳು. ಅವನು ತಲೆನೋವಾ ಎಂದ, ಹೌದು ಎಂದಳು. ಪರೀಕ್ಷೆ ಮಾಡದೆ ರಿಪೋರ್ಟು ಬರೆಯಬಾರದು ಎನ್ನುವುದು ಲ್ಯಾಬಿನ ಮೊದಲ ಪಾಠ. ಶುಕ್ರವಾರ ಬೆಳಿಗ್ಗೆ ಅವನು ಏಳುವ ಮೊದಲೇ ಇಸ್ತ್ರಿಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ ಬ್ಯಾಗಿಗೆ ತುರುಕಿಕೊಂಡು ಹೊರಟಳು. ಮನೆಯಲ್ಲಿ ಪೆಟ್ಟಿಗೆ ಇಲ್ಲದೆಯೂ ಶರ್ಟು ನೆಟ್ಟಗೆ ಬಂದರೆ, ಮುಂದಿನದು ಅಮ್ಮನ ಕಥೆಯೇ. ದಿನವಿಡೀ ಬ್ಯಾಗು ಕಾಲ ಬುಡದಲ್ಲಿತ್ತು. ಊಟಕ್ಕೆ ಕರೆಯಲು ಬಂದ ಗೆಳತಿ ಅದನ್ನೆತ್ತಿ ನೋಡಿ, ಏನು ತಾಯಿ, ಕಲ್ಲು ಹೊತ್ಕೊಂಡು ಬಂದಿದೀಯಾ ಎಂದಳು.

ಸಂಜೆ ಅವನು ಬಂದ. ಶರ್ಟು ಎಮ್ಮೆ ಅಗಿದು ಉಗುಳಿದಂತಿತ್ತು.

"ಪೆಟ್ಟಿಗೆ ಎಲ್ಲಿ ಹೋಯ್ತು ಕಣೇ? ಎಂಥಾ ಕಳ್ಳ ಅವನು, ಬೇರೆ ಏನೂ ಮುಟ್ಟಿಲ್ಲ."

ಅವಳು ಬ್ಯಾಗಿನಿಂದ ತೆಗೆದು ಅವನ ಮುಂದೆ ಇಟ್ಟಳು. ಕಾರಣವನ್ನೂ ಹೇಳಿದಳು, ಟೈಲರಮ್ಮನನ್ನೂ ಬಿಡದೆ.

ಅವನು ನಗಲಿಲ್ಲ. ಬಾಗಿಲ ಹಿಂದಿನ ಟೇಬಲ್ ತಂದು ಬೋರಲು ಹಾಕಿದ. ಕವರಿನ ಅಂಚಿಗೆಲ್ಲ ಹೊಸ ಎಲಾಸ್ಟಿಕ್. ಅದರ ಅಡಿಗೆ ಅವನ ಪೈಜಾಮದ ಲಾಡಿಯನ್ನು ಆ ಕಡೆಯಿಂದ ಈ ಕಡೆಗೆ ಎಳೆದು ಬಿಗಿದಿದ್ದ. ಎಲಾಸ್ಟಿಕ್ ಹಾಕಲು ಟೈಲರಮ್ಮ ಟೇಬಲ್ಲಿನ ಸುತ್ತಳತೆ ಕೇಳಿದ್ದಳು, ಇವನು ಅಳೆಯದೆ ಹೋಗಿದ್ದ. ಅದಕ್ಕೇ ಎರಡು ಸಲ.

"ಈಗ ಯಾಕೆ ಇದೆಲ್ಲಾ?"

"ಲ್ಯಾಬಲ್ಲಿ ನಿನಗೆ ಗೆರೆ ಮೇಡಂ ಅಂತಾರೆ ಅಂದಿದ್ಯಲ್ಲ. ಈ ವಾರ ಯಾರಾದ್ರೂ ಅಂದ್ರಾ?"

ಅಂದಿರಲಿಲ್ಲ. ಅವಳು ತೊಟ್ಟಿದ್ದ ಕೋಟು ಬಿಚ್ಚಿ ತಿರುಗಿಸಿದಳು. ಕೂತೆದ್ದ ಸುಕ್ಕುಗಳಿದ್ದವು, ಆ ಗೆರೆ ಇರಲಿಲ್ಲ. ವಾರವಿಡೀ ಅವನ ಬೆನ್ನು ಕಾದವಳಿಗೆ ತನ್ನ ಬೆನ್ನು ಕಂಡಿರಲಿಲ್ಲ.

"ನನ್ನನ್ನ ಕೇಳಬಹುದಿತ್ತು," ಎಂದ.

"ಅಮ್ಮ ಕೇಳಿದ್ಲು."

ಅವನು ಆಣೆ ಹಾಕಲು ಹೋಗಲಿಲ್ಲ. ಟೇಬಲ್ ಎತ್ತಿ ನಿಲ್ಲಿಸಿ, ಪ್ಲಗ್ ಹಾಕಿ, ಸ್ಟೂಲನ್ನು ಕಾಲಿನಿಂದ ಅವಳ ಕಡೆ ತಳ್ಳಿದ.

"ಇನ್ಮೇಲೆ ಸಂಜೇನೇ ಇಸ್ತ್ರಿ ಮಾಡ್ತೀನಿ. ಕೂತ್ಕೊಂಡು ನೋಡು. ದಿನಾ ನೋಡು."

ಅವಳು ಕೂತಳು. ಕವರು ಅಲುಗಲಿಲ್ಲ. ಶರ್ಟಿನ ಬೆನ್ನು ಬಂದಾಗ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವನ ಪಕ್ಕ ಇರಬೇಕೆಂದೋ, ಸರಿಯಾಗಿ ನೋಡಬೇಕೆಂದೋ, ಅವಳಿಗೇ ಗೊತ್ತಿರಲಿಲ್ಲ. ಅವನು ಓರೆಗಣ್ಣಲ್ಲಿ ನೋಡಿ, ರಿಪೋರ್ಟು ಯಾವಾಗ ಎಂದು ಕೇಳಿದ.

"ನಾಳೆ ಬನ್ನಿ," ಎಂದಳು.

ಆ ವಾರ ಹೋದದ್ದು ಇಷ್ಟು: ಎರಡು ಸಂಜೆಯ ಮಾತು, ಒಂದು ಪೈಜಾಮದ ಲಾಡಿ, ಬೆರಳಿಗೆ ಸಿಗುತ್ತಿದ್ದ ಒಂದು ಗೆರೆ.