ನಾನಿರುವೆ ಇನ್ನೂ

ಛಂದಸ್ಸು ಕಲಿಸುವ ಆ ಉಪನ್ಯಾಸಕರಿಗೆ ಮುದ್ರಣಾಲಯದವರು ಇಟ್ಟ ಹೆಸರು ‘ಮಾತ್ರೆ ಮೇಷ್ಟ್ರು’. ಅದನ್ನು ಕೇಳಿ ತಲೆನೋವಿಗೆ ಮದ್ದು ಬೇಡಿದವರೂ ಉಂಟು. ತೀರಿಹೋದ ಕವಿಯೊಬ್ಬರ ಸಂಕಲನಕ್ಕೆ ಮುನ್ನುಡಿ ಬರೆಯಲು ಅವರು ಆರು ವಾರದಿಂದ ಅಲ್ಲಿಗೆ ಬರುತ್ತಿದ್ದರು. ಅದರ ಅಕ್ಷರ ಜೋಡಿಸುತ್ತಿದ್ದವಳು ಆ ಕವಿಯ ಹೆಂಡತಿ.

ಗಂಡ ಹೋಗಿ ಎರಡು ವರ್ಷವಾಗಿತ್ತು. ಆದರೂ ಅವನ ಕೊನೆಯ ಕವಿತೆ ಟೈಪ್ ಮಾಡುವಾಗ ಬೆನ್ನ ಹಿಂದೆ ಅವನೇ ಓದುವುದು ಕೇಳಿಸುತ್ತಿತ್ತು. ತಿರುಗಿದರೆ ಬರೀ ಗೋಡೆ. ದನಿಗೆ ಅವಳು ಹೆದರುತ್ತಿರಲಿಲ್ಲ. ಅದು ನಿಂತುಬಿಟ್ಟರೆ ಎಂದು ಹೆದರುತ್ತಿದ್ದಳು.

“ಮೌನದಲಿ ಮನೆಯೊಳಗೆ ನಾನಿರುವೆ ಇನ್ನೂ,” ಮೇಷ್ಟ್ರು ಮೇಜಿನಾಚೆ ನಿಂತು ಬೆರಳು ಬಡಿದು ಎಣಿಸಿದರು. “ಐದು, ಐದು, ಐದು, ಕೊನೆಗೆ ನಾಲ್ಕೇ ಮಾತ್ರೆ. ಅಲ್ಲಿ ಉಸಿರು ಹಿಡಿದ ಹಾಗಾಗುತ್ತೆ. ಮೌನ, ನಾನಿ, ಎರಡನೇ ಅಕ್ಷರ ‘ನ’ಕಾರ. ಪ್ರಾಸವೂ ಸರಿ.”

“ನಾಲ್ಕೂ ನುಡಿಯ ಕೊನೇ ಸಾಲಲ್ಲೂ ಅದೇ ಮಾತು ಬರುತ್ತೆ,” ಎಂದಳು. “ನಾನಿರುವೆ ಇನ್ನೂ ಅಂತ.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಅವಳನ್ನು ನೋಡಿದರು, ಅವಳು ನೋಡುವಷ್ಟರಲ್ಲಿ ಕಣ್ಣು ತಪ್ಪಿಸಿ ಮತ್ತೆ ಒರೆಸಿದರು.

“ಗಾಜು ಸವೆದೀತು ಮೇಷ್ಟ್ರೇ!”

“ಅವರ ಕೈಬರಹದಲ್ಲಿ ನಾಲ್ಕನೇ ನುಡಿ ಇನ್ನೊಂದ್ಸಲ ಓದಿ.”

“ಮೂರು ಸಲ ಪ್ರೂಫ್ ನೋಡಿದೀನಿ.”

“ನನಗೋಸ್ಕರ, ಇದೊಂದ್ಸಲ.”

ಅವಳು ಬೆರಳಿಟ್ಟು ಓದಿದಳು. ‘ಬಾನಿನಡಿ ಬಿಸಿಲೊಳಗೆ ನೀನಿರುವೆ ಇನ್ನೂ.’ ‘ನಾ’ ಅಲ್ಲ, ‘ನೀ’. ದುಂಡಗೆ, ಸ್ಪಷ್ಟವಾಗಿ ಬರೆದಿದ್ದ. ಮಾತ್ರೆ ತಪ್ಪಿರಲಿಲ್ಲ, ಪ್ರಾಸ ಕೆಟ್ಟಿರಲಿಲ್ಲ. ಎಷ್ಟು ಎಣಿಸಿದರೂ ಸಿಗದ ತಪ್ಪು. ತನಗೆ ಬೇಕಾದದ್ದನ್ನೇ ಅವಳ ಕಣ್ಣು ಓದಿತ್ತು, ಬೆರಳು ‘ನಾ’ ಎಂದೇ ಹೊಡೆದಿತ್ತು. ಸಾಯುವವನು ಕೊನೆಗೆ ಅವಳ ಬದುಕಿನ ಮಾತಾಡಿದ್ದ, ಅವಳು ಅದನ್ನು ಅಳಿಸಿದ್ದಳು. ಅವಳಿಗೆ ಅಳು ತಡೆಯಲಾಗಲಿಲ್ಲ.

“ನಿಮಗೆ ಯಾವಾಗ ಗೊತ್ತಾಯ್ತು?”

“ಮೊದಲ ದಿನಾನೇ.”

“ಆರು ವಾರ ಬಾಯಿಗೆ ಬೀಗ ಹಾಕ್ಕೊಂಡಿದ್ರಾ?”

“ಆ ಅಕ್ಷರ ತಿದ್ದಿದ್ರೆ ಲಾಭ ನನಗೇ. ನಿಮ್ಮ ಮೇಲೆ ಮನಸ್ಸಿಟ್ಟೋನು ಯಾವ ಬಾಯಲ್ಲಿ ಹೇಳ್ಲಿ?” ಮೇಷ್ಟ್ರು ಕನ್ನಡಕ ಹಾಕಿಕೊಂಡರು. “ಆದ್ರೆ ನಾಳೆ ಪುಸ್ತಕ ಅಚ್ಚಿಗೆ ಹೋಗುತ್ತೆ. ಇನ್ನೂ ಸುಮ್ಮನಿದ್ರೆ ಅವರು ನಿಮಗೆ ಹೇಳಿದ ಮಾತು ನಾನು ಕದ್ದ ಹಾಗೆ.”

ಅವಳು ಕೀಬೋರ್ಡಿನ ಮೇಲೆ ಕೈಯಿಟ್ಟಳು. ಬೆನ್ನ ಹಿಂದಿನ ದನಿಗೆ ಕಿವಿಗೊಟ್ಟಳು. ಏನೂ ಕೇಳಿಸಲಿಲ್ಲ. ‘ನಾ’ ಅಳಿಸಿ ‘ನೀ’ ಹೊಡೆದಳು.

“ಅವರ ಜಾಗ ಯಾರಿಗೂ ಕೊಡಲ್ಲ ನಾನು.”

“ನಾನು ಕೇಳ್ತಾನೂ ಇಲ್ಲ.”

“ಮತ್ತೆ ಯಾಕೆ ಅಷ್ಟು ದೂರ ನಿಂತಿದೀರ?” ಅವಳು ಕಣ್ಣೊರೆಸಿಕೊಂಡಳು. “ಬನ್ನಿ, ಪಕ್ಕದಲ್ಲಿ ಕೂತ್ಕೊಳ್ಳಿ.”